ದಾಕ್ಷಿಣ್ಯಕ್ಕೆ ಬರೆದ ಚೆಕ್ಕು

(ಸಾಗರದ ಒಂದು ವಾಚನಾಲಯದಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತು ಇದು. ಅಡಿಕೆ ಬೆಳೆಗಾರರು, ಮೇಷ್ಟ್ರುಗಳು, ಅಂಗಡಿ ಇಟ್ಟವರು, ಪಿಂಚಣಿದಾರರು ಬಂದಿದ್ದರು. ಆಮೇಲೆ ಕೆಲವರು ಬರೆದು ಕೊಡಿ ಅಂದರು. ಮಧ್ಯೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಮೂವತ್ತಮೂರು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿ 2021ರಲ್ಲಿ ನಿವೃತ್ತನಾದವನು. ಇವರಿಗೆ ದುಡ್ಡಿನ ವಿಷಯ ಚೆನ್ನಾಗಿ ಗೊತ್ತಿರಬೇಕು ಅಂತ ಕರೆದಿದ್ದೀರಿ. ಅದಕ್ಕೇ ಮೊದಲು ನನ್ನ ಒಂದು ದಡ್ಡತನ ಹೇಳಿಬಿಡುತ್ತೇನೆ. ಆಮೇಲೆ ನೀವು ಎದ್ದು ಹೋದರೂ ಬೇಜಾರಿಲ್ಲ.

2003ರಲ್ಲಿ ನನ್ನ ಚಿಕ್ಕಮ್ಮನ ಮಗ ವಿಮೆ ಏಜೆಂಟ್ ಆದ. ಒಂದು ಭಾನುವಾರ ಮನೆಗೆ ಬಂದ. ಒಬ್ಬನೇ ಬರಲಿಲ್ಲ, ಚಿಕ್ಕಮ್ಮನನ್ನೂ ಕರೆದುಕೊಂಡು ಬಂದ. ಚಿಕ್ಕಮ್ಮನ ಕೈಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿ. ಊಟ ಆಯಿತು, ಕವಳ ಆಯಿತು. ಅವನು ಫಾರ್ಮ್ ತೆಗೆದ. ನಾನು ಓದದೆ ಸಹಿ ಹಾಕಿದೆ. ವರ್ಷಕ್ಕೆ 24,000 ರೂಪಾಯಿ, ಇಪ್ಪತ್ತು ವರ್ಷ ಕಟ್ಟಬೇಕು.

2023ರಲ್ಲಿ ದುಡ್ಡು ಬಂತು. 8 ಲಕ್ಷ 33 ಸಾವಿರ. ಅವನೇ ಫೋನ್ ಮಾಡಿದ: "ಅಣ್ಣ, ಕಟ್ಟಿದ್ದು ನಾಲ್ಕು ಎಂಬತ್ತು. ಹತ್ತಿರ ಹತ್ತಿರ ಡಬಲ್!" ಅವನು ಹೇಳಿದ್ದು ಸುಳ್ಳಲ್ಲ. ಆದರೆ ಆ ರಾತ್ರಿ ಕಾಗದ ಹಿಡಿದು ಲೆಕ್ಕ ಹಾಕಿದರೆ, ವರ್ಷಕ್ಕೆ ಬಿದ್ದ ಬಡ್ಡಿ ನೂರಕ್ಕೆ ಐದು. ಅದೇ 24,000ವನ್ನು ಪ್ರತಿ ವರ್ಷ ಪೋಸ್ಟ್ ಆಫೀಸಿನ ಪಿಪಿಎಫ್‌ಗೆ, ಅಂದರೆ ಸರ್ಕಾರದ ಭವಿಷ್ಯ ನಿಧಿ ಖಾತೆಗೆ, ಹಾಕಿದ್ದರೆ? ಈಗಿನ ದರ 7.1 ಹಿಡಿದರೂ 10 ಲಕ್ಷ 65 ಸಾವಿರ ಆಗುತ್ತಿತ್ತು. ಆ ವರ್ಷಗಳಲ್ಲಿ ಬಹುಪಾಲು ದರ ಇದಕ್ಕಿಂತ ಜಾಸ್ತಿಯೇ ಇತ್ತು. ಅಂದರೆ ಆ ಒಂದು ಜಾಡಿ ಉಪ್ಪಿನಕಾಯಿಗೆ ನಾನು ಕೊಟ್ಟ ಬೆಲೆ ಕಡಿಮೆ ಅಂದರೂ 2 ಲಕ್ಷ 30 ಸಾವಿರ. ಮಿಡಿ ಚೆನ್ನಾಗಿತ್ತು, ಇಲ್ಲ ಅನ್ನೋದಿಲ್ಲ.

ಹೋಗಲಿ, ವಿಮೆಯಾದರೂ ಸಿಕ್ಕಿತಾ? ಆಗ ನನ್ನ ತಲೆ ಮೇಲೆ 9 ಲಕ್ಷದ ಮನೆ ಸಾಲ ಇತ್ತು. ಮಗಳಿಗೆ ನಾಲ್ಕು ವರ್ಷ. ಪಾಲಿಸಿಯ ವಿಮಾ ಮೊತ್ತ 5 ಲಕ್ಷ. ನಾನು ಹೋಗಿಬಿಟ್ಟಿದ್ದರೆ ಅರ್ಧ ಸಾಲಕ್ಕೂ ಅದು ಅಷ್ಟಕ್ಕಷ್ಟೇ. ಸತ್ತರೂ ಸಾಲದು, ಬದುಕಿದರೂ ಸಾಲದು. ಅಂಥ ಪಾಲಿಸಿ.

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ತಾವಿಲ್ಲ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. (ನಗು.) ನೀವು ನಗುತ್ತೀರಿ. ಆದರೆ ನಮ್ಮ ಮನೆಗಳಲ್ಲಿ ದುಡ್ಡು ಸೋರಿದ್ದು ಹೋಟೆಲಿಗೆ, ಸಿನಿಮಾಗೆ ಅಲ್ಲ. ಭಾವನ ಪಾಲಿಸಿಗೆ, ಪಕ್ಕದ ಮನೆಯವರ ಚೀಟಿಗೆ, ಪರಿಚಯದವರ ಸೊಸೈಟಿಯ ಠೇವಣಿಗೆ, ಸ್ನೇಹಿತನ ಸಾಲಕ್ಕೆ ಹಾಕಿದ ಜಾಮೀನಿಗೆ. ನಮ್ಮವರಿಗೆ ಉಳಿಸೋಕೆ ಬರುತ್ತೆ. ಬೇಡ ಅನ್ನೋಕೆ ಬರೋದಿಲ್ಲ.

ಉಳಿಸೋದನ್ನು ನಾವು ಯಾರಿಂದಲೂ ಕಲಿಯಬೇಕಾಗಿಲ್ಲ. ದೇಶದ ಮೊದಮೊದಲ ಸಹಕಾರ ಸಂಘಗಳಲ್ಲಿ ಒಂದು ಶುರುವಾಗಿದ್ದು 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ. ಮಾರನೇ ವರ್ಷ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕು. 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕು ಹುಟ್ಟಿತು. 1928ರಲ್ಲಿ ಅವರು ಪಿಗ್ಮಿ ತಂದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆ ಬಾಗಿಲಿಗೇ ಬಂದು ತಗೊಂಡು ಹೋಗುತ್ತಾನೆ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಪಿಗ್ಮಿ ಅನ್ನೋ ಹೆಸರು ಮಾತ್ರ ಎಲ್ಲ ಬ್ಯಾಂಕು, ಸೊಸೈಟಿಗಳಿಗೂ ಅಂಟಿಕೊಂಡಿತು.

ಪಿಗ್ಮಿ ಯಾಕೆ ನಡೆಯಿತು ಅಂತ ನೋಡಿ. ಬಡ್ಡಿಗಲ್ಲ. ಸಂಜೆ ಏಳಕ್ಕೆ ಕೈಯಲ್ಲಿ ಮಿಷನ್ ಹಿಡಿದು ಏಜೆಂಟ್ ಅಂಗಡಿ ಮುಂದೆ ನಿಲ್ಲುತ್ತಾನೆ. ವ್ಯಾಪಾರ ಇರಲಿ ಬಿಡಲಿ, ಗಲ್ಲಾದಿಂದ ನೂರು ರೂಪಾಯಿ ತೆಗೆದು ಕೊಡಬೇಕು. ಮನುಷ್ಯ ನಡೆದು ಬಂದಿದ್ದಾನೆ, ಬರಿಗೈಲಿ ಕಳಿಸೋಕೆ ಮನಸ್ಸು ಬರೋದಿಲ್ಲ. ಅಲ್ಲೂ ದಾಕ್ಷಿಣ್ಯವೇ ಕೆಲಸ ಮಾಡಿತು, ಆದರೆ ನಮ್ಮ ಪರವಾಗಿ. ದಿನಕ್ಕೆ ನೂರು ಅಂದರೆ ತಿಂಗಳಿಗೆ 3,000. ಖರ್ಚಾಗುವ ಮೊದಲೇ ಪಕ್ಕಕ್ಕೆ ಹೋಯಿತು. ದೊಡ್ಡ ದೊಡ್ಡ ಸಲಹೆಗಾರರು ಹೇಳೋದೂ ಇಷ್ಟನ್ನೇ.

ತೊಂದರೆ ಇರೋದು ಆಮೇಲೆ. ತಿಂಗಳಿಗೆ 3,000ದಂತೆ ಹದಿನೈದು ವರ್ಷ ಕಟ್ಟಿದರೆ ಅಸಲು 5 ಲಕ್ಷ 40 ಸಾವಿರ. ನೂರಕ್ಕೆ ನಾಲ್ಕು ಬಡ್ಡಿಯಾದರೆ ಕೈಗೆ ಬರೋದು ಸುಮಾರು 7.4 ಲಕ್ಷ. ಅದೇ ದುಡ್ಡು ಪಿಪಿಎಫ್‌ನಲ್ಲಿ 7.1ರಂತೆ ಹತ್ತಿರ ಹತ್ತಿರ ಒಂಬತ್ತೂವರೆ ಲಕ್ಷ. ನೂರಕ್ಕೆ ಹತ್ತು ಸಿಕ್ಕಿದರೆ 12.4 ಲಕ್ಷ. ಹತ್ತು ಸಿಕ್ಕೇ ಸಿಗುತ್ತೆ ಅಂತ ಯಾರೂ ಬರೆದುಕೊಡೋದಿಲ್ಲ, ಆ ಮಾತಿಗೆ ಮುಂದೆ ಬರುತ್ತೇನೆ. ಈಗ ಗಮನಿಸಬೇಕಾದ್ದು ಇದು: ಉಳಿಸಿದ್ದು ಅಷ್ಟೇ, ಕಷ್ಟಪಟ್ಟಿದ್ದೂ ಅಷ್ಟೇ. ಇಟ್ಟ ಡಬ್ಬ ಬೇರೆ.

ಕಿರಾಣಿ ಅಂಗಡಿಯವರೊಬ್ಬರು ಕೇಳಿದರು: "ಹಾಗಾದ್ರೆ ಪಿಗ್ಮಿ ನಿಲ್ಲಿಸಿಬಿಡ್ಲಾ ಸರ್?"

ಬೇಡ. ಅದು ನೀರಿನ ತೊಟ್ಟಿ ಇದ್ದ ಹಾಗೆ. ದಿನಾ ಹನಿ ಹನಿ ತುಂಬಲಿ. ವರ್ಷ ತುಂಬಿದಾಗ ತೊಟ್ಟಿಯ ನೀರನ್ನು ತೋಟಕ್ಕೆ ಬಿಡಿ. ನಾವು ಮಾಡೋದೇನು? ತೊಟ್ಟಿ ತುಂಬಿತು ಅಂತ ಟಿವಿ ತರುತ್ತೇವೆ, ಇಲ್ಲಾ ಅದೇ ತೊಟ್ಟಿಗೆ ಮತ್ತೆ ಹುಯ್ಯುತ್ತೇವೆ. ಅಂದಹಾಗೆ, ಪಿಪಿಎಫ್‌ಗೆ ತಿಂಗಳು ತಿಂಗಳು ಹಾಕುವವರು 5ನೇ ತಾರೀಕಿನೊಳಗೆ ಹಾಕಿ. 5ರಿಂದ ತಿಂಗಳ ಕೊನೆಯವರೆಗೆ ಇದ್ದ ಕನಿಷ್ಠ ಬಾಕಿಗೆ ಬಡ್ಡಿ ಕೊಡುತ್ತಾರೆ. 6ಕ್ಕೆ ಹಾಕಿದರೆ ಆ ದುಡ್ಡಿಗೆ ಆ ತಿಂಗಳ ಬಡ್ಡಿ ಹೋಯಿತು.

ಇನ್ನು ನಿಮ್ಮ ಮುಂದೆ ಯಾರೇ ಯಾವುದೇ ಫಾರ್ಮ್ ಇಟ್ಟರೂ ಒಂದೇ ಪ್ರಶ್ನೆ ಕೇಳಿ: "ವರ್ಷಕ್ಕೆ ನೂರಕ್ಕೆ ಎಷ್ಟು ಬಿತ್ತು?" ಕೈಸಾಲ ತಗೊಳ್ಳುವಾಗ ನಮಗೆ ಈ ಭಾಷೆ ಚೆನ್ನಾಗಿ ಬರುತ್ತೆ. ತಿಂಗಳಿಗೆ ನೂರಕ್ಕೆ ಮೂರು ಅಂದ ತಕ್ಷಣ ವರ್ಷಕ್ಕೆ ಮೂವತ್ತಾರು ಅಂತ ಹಳ್ಳಿಯ ಅಜ್ಜಿಗೂ ಗೊತ್ತು. ಸೂಟು ಹಾಕಿಕೊಂಡವನು "ಡಬಲ್" ಅಂದಾಗ ಮಾತ್ರ ಮರೆತುಹೋಗುತ್ತೆ. ಎಷ್ಟು ವರ್ಷಕ್ಕೆ ಡಬಲ್? 72ನ್ನು ಆ ವರ್ಷದಿಂದ ಭಾಗಿಸಿ, ಬಡ್ಡಿ ಸುಮಾರಾಗಿ ಸಿಗುತ್ತೆ. ಹನ್ನೆರಡು ವರ್ಷಕ್ಕೆ ಡಬಲ್ ಅಂದರೆ ಆರು. ಒಮ್ಮೆಗೇ ಇಟ್ಟ ದುಡ್ಡಿಗೆ ಈ ಲೆಕ್ಕ. ಕಂತಿನಲ್ಲಿ ಕಟ್ಟಿದ್ದಕ್ಕೆ ಬೇರೆ ಲೆಕ್ಕ.

ಗಾಡಿ ಸಾಲದಲ್ಲೂ ಇದೇ ಕಣ್ಕಟ್ಟು. "ಫ್ಲಾಟ್ ಹತ್ತು ಪರ್ಸೆಂಟ್ ಅಷ್ಟೇ ಸರ್." ಒಂದು ಲಕ್ಷ, ಮೂರು ವರ್ಷ, ತಿಂಗಳಿಗೆ 3,611 ಕಂತು. ನೀವು ಪ್ರತಿ ತಿಂಗಳೂ ಅಸಲು ತೀರಿಸುತ್ತಾ ಬರುತ್ತೀರಿ. ಅವನು ಮಾತ್ರ ಕೊನೆಯವರೆಗೂ ಪೂರ್ತಿ ಲಕ್ಷಕ್ಕೆ ಬಡ್ಡಿ ಹಾಕುತ್ತಾನೆ. ಬ್ಯಾಂಕಿನ ಮನೆ ಸಾಲಕ್ಕೆ ಹಾಕುವ ರೀತಿ ಲೆಕ್ಕ ಹಾಕಿದರೆ ಅದು ಹದಿನೆಂಟರ ಹತ್ತಿರ ಬಂದು ನಿಲ್ಲುತ್ತೆ.

ಈಗ ಚೀಟಿ. ಇಲ್ಲಿ ಕೂತ ಎಷ್ಟು ಜನರ ಮನೆಯಲ್ಲಿ ಚೀಟಿ ಇದೆ? (ಅರ್ಧಕ್ಕಿಂತ ಜಾಸ್ತಿ ಕೈಗಳು ಎದ್ದವು.) ಚೀಟಿಯನ್ನು ಬಯ್ಯೋಕೆ ನನಗೆ ಮನಸ್ಸಿಲ್ಲ. ಎಷ್ಟೋ ಮನೆಗಳ ಮದುವೆ, ಬೋರ್‌ವೆಲ್ಲು, ಅಂಗಡಿಯ ಅಡ್ವಾನ್ಸು ಆಗಿದ್ದು ಅದರಿಂದಲೇ. ಆದರೆ ಅದು ಏನು ಅಂತ ತಿಳಿದು ಹಾಕಬೇಕು. ಇಪ್ಪತ್ತು ಜನ, ತಿಂಗಳಿಗೆ 5,000, ಒಂದು ಲಕ್ಷದ ಚೀಟಿ. ಮೊದಲ ತಿಂಗಳು ಒಬ್ಬರು 25,000 ಬಿಟ್ಟು ಕೂಗಿ 75,000ಕ್ಕೆ ಎತ್ತಿದರು. ಅವರು ಸಾಲಗಾರರು. ಕೊನೆಯವರೆಗೂ ಎತ್ತದೆ ಕೂತವರು ಸಾಲ ಕೊಟ್ಟವರು. ಅಷ್ಟೇ ವ್ಯತ್ಯಾಸ. ಕೊನೆಯವರು ಡಿವಿಡೆಂಡ್ (ಎತ್ತಿದವರು ಬಿಟ್ಟ ದುಡ್ಡಿನಲ್ಲಿ ತಮ್ಮ ಪಾಲು) ಕಳೆದು ಒಟ್ಟು 90,000 ಕಟ್ಟಿ, ಚೀಟಿ ನಡೆಸುವವರ ಕಮಿಷನ್ ಕಳೆದು 95,000 ತಗೊಂಡರು ಅಂತ ಇಟ್ಟುಕೊಳ್ಳಿ. ಐದು ಸಾವಿರ ಲಾಭ. ವರ್ಷದ ಲೆಕ್ಕಕ್ಕೆ ಇಳಿಸಿದರೆ ನೂರಕ್ಕೆ ಏಳರ ಆಸುಪಾಸು. ಹೆಚ್ಚುಕಮ್ಮಿ ಬ್ಯಾಂಕಿನ ಎಫ್‌ಡಿಯಷ್ಟೇ. ಆದರೆ ಎಫ್‌ಡಿ ಇಟ್ಟವನು ರಾತ್ರೋರಾತ್ರಿ ಮನೆ ಖಾಲಿ ಮಾಡಿಕೊಂಡು ಹೋಗಿರಬಹುದು ಅನ್ನೋ ಭಯದಲ್ಲಿ ಮಲಗಬೇಕಾಗಿಲ್ಲ. ಹಾಕಲೇಬೇಕು ಅಂದರೆ 1982ರ ಚೀಟಿ ನಿಧಿ ಕಾಯ್ದೆಯಲ್ಲಿ ನೋಂದಣಿ ಆದದ್ದಕ್ಕೆ ಹಾಕಿ. ಕರ್ನಾಟಕ ಸರ್ಕಾರದ ಕಂಪನಿ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತೆ. ಬೀದಿ ಚೀಟಿಯಲ್ಲಿ ನಿಮ್ಮ ಹತ್ತಿರ ಇರೋ ದಾಖಲೆ ಒಂದು ಡೈರಿಯ ಹಾಳೆ ಮಾತ್ರ.

ಇದಕ್ಕಿಂತ ಮುಖ್ಯವಾದದ್ದು ಠೇವಣಿಯ ವಿಷಯ. ಇದನ್ನು ದಯವಿಟ್ಟು ಮನೆಯಲ್ಲೂ ಹೇಳಿ. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರವರಿಗೆ ಮುಂಚೆ ಅದು ಬರೀ ಒಂದು ಲಕ್ಷ ಇತ್ತು. ಸಹಕಾರಿ ಬ್ಯಾಂಕಿಗೂ ಈ ವಿಮೆ ಇದೆ. ಆದರೆ ಪತ್ತಿನ ಸಹಕಾರ ಸಂಘಕ್ಕೆ ಇಲ್ಲ. ಸೌಹಾರ್ದ ಸಹಕಾರಿಗೆ ಇಲ್ಲ. ಕೌಂಟರ್ ಒಂದೇ ಥರ, ಪಾಸ್‌ಬುಕ್ ಒಂದೇ ಥರ, ಗಾಜಿನ ಹಿಂದೆ ಕೂತ ಹುಡುಗಿಯ ನಗುವೂ ಒಂದೇ ಥರ. ಹೆಸರನ್ನು ಕೊನೆಯವರೆಗೆ ಓದಿ. "ಬ್ಯಾಂಕ್ ನಿಯಮಿತ" ಅಂತ ಇದೆಯಾ, "ಸಹಕಾರ ಸಂಘ ನಿಯಮಿತ" ಅಂತ ಇದೆಯಾ?

ಒಬ್ಬ ಹಿರಿಯರು ಎದ್ದು ನಿಂತರು. "ನಮ್ಮ ಸೊಸೈಟಿ ಅರವತ್ತು ವರ್ಷದಿಂದ ಚೆನ್ನಾಗಿ ನಡೀತಾ ಇದೆ ಮಾರಾಯ್ರೆ. ಅದನ್ನೂ ಬಿಡಬೇಕಾ?"

ಬಿಡಬೇಡಿ. ಒಳ್ಳೆಯ ಸಂಘಗಳು ಇಲ್ಲದಿದ್ದರೆ ಮಲೆನಾಡಿನ ರೈತ ಏಳುತ್ತಲೇ ಇರಲಿಲ್ಲ. ಬೆಳೆ ಸಾಲ, ಗೊಬ್ಬರ, ಪಿಗ್ಮಿ, ಎಲ್ಲ ಅಲ್ಲೇ ಇರಲಿ. ನಿವೃತ್ತಿಯ ಇಡುಗಂಟು ಮಾತ್ರ ಅಲ್ಲಿ ಬೇಡ. ಒಂದು ಪರ್ಸೆಂಟ್ ಜಾಸ್ತಿ ಬಡ್ಡಿ, ಅಧ್ಯಕ್ಷರು ನಮ್ಮ ಪರಿಚಯದವರು, ಇಷ್ಟೇ ಕಾರಣಕ್ಕೆ ಇಪ್ಪತ್ತು ಲಕ್ಷ ಒಂದೇ ಕಡೆ ಇಟ್ಟವರನ್ನು ನಾನು ನೋಡಿದ್ದೇನೆ. ಅರವತ್ತು ದಾಟಿದವರಿಗೆ ಪೋಸ್ಟ್ ಆಫೀಸಿನಲ್ಲೇ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. ಬಡ್ಡಿ 8.2, ಮೂರು ತಿಂಗಳಿಗೊಮ್ಮೆ ಖಾತೆಗೆ ಬರುತ್ತೆ, 30 ಲಕ್ಷದವರೆಗೆ ಇಡಬಹುದು. ಅದಕ್ಕೆ ಏಜೆಂಟ್ ಉಪ್ಪಿನಕಾಯಿ ತಗೊಂಡು ಬರೋದಿಲ್ಲ. ಅದಕ್ಕೇ ಬಹಳ ಜನರಿಗೆ ಗೊತ್ತಿಲ್ಲ.

ವಿಮೆ ಬೇಕೇ ಬೇಕು. ಆದರೆ ವಿಮೆ ವಿಮೆಯಾಗಿರಲಿ. ಮೂವತ್ತರ ಆಸುಪಾಸಿನ, ಬೀಡಿ ಸಿಗರೇಟು ಇಲ್ಲದ ಆರೋಗ್ಯವಂತರಿಗೆ ಒಂದು ಕೋಟಿಯ ಟರ್ಮ್ ಪಾಲಿಸಿ (ತೀರಿಕೊಂಡರೆ ಮಾತ್ರ ದುಡ್ಡು ಬರುವಂಥದ್ದು) ವರ್ಷಕ್ಕೆ ಹತ್ತು ಹದಿನೈದು ಸಾವಿರದ ಆಸುಪಾಸಿನಲ್ಲಿ ಸಿಗುತ್ತೆ. 2025ರ ಸೆಪ್ಟೆಂಬರ್ 22ರಿಂದ ಅದರ ಮೇಲೆ ಜಿಎಸ್‌ಟಿಯೂ ಇಲ್ಲ. "ಬದುಕಿದ್ರೆ ಒಂದು ಪೈಸೆ ವಾಪಸ್ ಬರಲ್ವಲ್ಲ" ಅಂತ ಎಲ್ಲರೂ ಕೇಳುತ್ತಾರೆ. ಬೈಕಿನ ಇನ್ಶೂರೆನ್ಸ್ ವಾಪಸ್ ಬರುತ್ತಾ? ಅಪಘಾತ ಆಗಲಿಲ್ಲವಲ್ಲಾ ಅಂತ ಯಾರಾದರೂ ಬೇಜಾರು ಮಾಡಿಕೊಂಡಿದ್ದೀರಾ?

"ಟ್ಯಾಕ್ಸ್ ಉಳಿಯುತ್ತೆ" ಅನ್ನೋದು ಇನ್ನೊಂದು. ಮಾರ್ಚ್ ತಿಂಗಳಲ್ಲಿ ಮೇಷ್ಟ್ರುಗಳನ್ನೆಲ್ಲ ಹಿಡಿದು ಪಾಲಿಸಿ ಮಾಡಿಸುತ್ತಿದ್ದ ಮಾತು ಅದು. ಈಗ ಹೊಸ ತೆರಿಗೆ ಪದ್ಧತಿಯಲ್ಲಿ, ಪಾಲಿಸಿ ಕಟ್ಟಿದ್ದಕ್ಕೆ ಸಿಗುತ್ತಿದ್ದ ಆ 80ಸಿ ರಿಯಾಯಿತಿ ಇಲ್ಲ. ವರ್ಷಕ್ಕೆ 12 ಲಕ್ಷದವರೆಗೆ ಸಂಬಳ, ಪಿಂಚಣಿ ಬರುವವರು ಅದರಲ್ಲಿ ತೆರಿಗೆಯನ್ನೇ ಕಟ್ಟಬೇಕಾಗಿಲ್ಲ. ಇಲ್ಲದ ತೆರಿಗೆ ಉಳಿಸೋಕೆ ಪಾಲಿಸಿ ಯಾಕೆ?

ಟರ್ಮ್ ಪಾಲಿಸಿಗೂ ಆಗದವರು ಬ್ಯಾಂಕಿನಲ್ಲಿ ಜೀವನ್ ಜ್ಯೋತಿ ಕೇಳಿ. 18ರಿಂದ 50 ವರ್ಷದವರಿಗೆ, ವರ್ಷಕ್ಕೆ 436 ರೂಪಾಯಿ, ಏನೇ ಕಾರಣಕ್ಕೆ ತೀರಿಕೊಂಡರೂ 2 ಲಕ್ಷ. ಅಪಘಾತಕ್ಕೆ ಸುರಕ್ಷಾ ಬಿಮಾ ಬೇರೆ ಇದೆ, ವರ್ಷಕ್ಕೆ 20 ರೂಪಾಯಿ. ಇದನ್ನು ಹೇಳುವಾಗ ಒಬ್ಬರು ನೆನಪಾಗುತ್ತಾರೆ. ಗಂಡ ತೀರಿಕೊಂಡ ಮೇಲೆ ಖಾತೆ ಮುಚ್ಚಿಸೋಕೆ ಬಂದಿದ್ದರು. ಗಾರೆ ಕೆಲಸದವನು, ಖಾತೆಯಲ್ಲಿ ಇದ್ದದ್ದು ಎಂಟುನೂರು ಚಿಲ್ಲರೆ. ಪಾಸ್‌ಬುಕ್ ಪ್ರಿಂಟರಿಗೆ ಹಾಕಿದೆ. ಕಿರ್ ಕಿರ್ ಅಂತ ಸಾಲುಗಳು ಇಳಿಯುತ್ತಾ ಇದ್ದವು. ಮೇ ಕೊನೆಯ ವಾರದಲ್ಲಿ ಒಂದು ಸಾಲು: 330 ರೂಪಾಯಿ ಕಡಿತ. ಆಗ ಪ್ರೀಮಿಯಂ ಅಷ್ಟಿತ್ತು. "ಇದು ಯಾಕೆ ಅಂತ ಗೊತ್ತೇನಮ್ಮ?" ಅಂದೆ. "ಬ್ಯಾಂಕಿನೋರು ಸುಮ್ನೆ ಹಿಡೀತಾರೆ ಅಂತ ಅವ್ರು ಬಯ್ತಾ ಇದ್ರು ಸರ್" ಅಂದರು. ಎರಡು ಲಕ್ಷ ಬಂತು. ನಾನು ಆ ಸಾಲು ನೋಡದೆ ಇದ್ದಿದ್ದರೆ ಎಂಟುನೂರು ತಗೊಂಡು ಮನೆಗೆ ಹೋಗುತ್ತಿದ್ದರು. ಇವತ್ತು ಮನೆಗೆ ಹೋಗಿ ನಿಮ್ಮ ಪಾಸ್‌ಬುಕ್ಕಿನ ಮೇ, ಜೂನ್ ಹಾಳೆ ನೋಡಿ.

ಚಿನ್ನದ ಬಗ್ಗೆ ಜಾಸ್ತಿ ಹೇಳೋಕೆ ಹೋಗೋದಿಲ್ಲ, ಹೊರಗೆ ಕಾಫಿ ಕೊಡೋದು ಹೆಂಗಸರ ಕೈಯಲ್ಲಿದೆ. ಒಡವೆಗೆ ಮಜೂರಿ, ವೇಸ್ಟೇಜು, ಮೇಲೆ 3 ಪರ್ಸೆಂಟ್ ಜಿಎಸ್‌ಟಿ. ಅಷ್ಟು ಅಂಗಡಿಯ ಮೆಟ್ಟಿಲು ಇಳಿಯುವಾಗಲೇ ಹೋಯಿತು. ಹಾಕಿಕೊಳ್ಳೋಕೆ ಒಡವೆ ತಗೊಳ್ಳಿ, ಅದನ್ನು ಉಳಿತಾಯದ ಲೆಕ್ಕಕ್ಕೆ ಬರೆಯಬೇಡಿ. ಆದರೆ ಚಿನ್ನಕ್ಕೆ ಒಂದು ದೊಡ್ಡ ಗುಣ ಇದೆ. ಆಸ್ಪತ್ರೆಗೆ ಅರ್ಜೆಂಟಾಗಿ ಐವತ್ತು ಸಾವಿರ ಬೇಕು ಅಂದರೆ ಬ್ಯಾಂಕಿನಲ್ಲಿ ಒಂದು ಗಂಟೆಯಲ್ಲಿ ಒಡವೆ ಸಾಲ ಸಿಗುತ್ತೆ. ಸೈಟಿನ ಒಂದು ಮೂಲೆ ಕತ್ತರಿಸಿ ಆಸ್ಪತ್ರೆ ಬಿಲ್ ಕಟ್ಟೋಕಾಗಲ್ಲ.

ಈಗ ನೀವೆಲ್ಲ ಕಾಯುತ್ತಿರುವ ಶೇರು ಮಾರುಕಟ್ಟೆ. 2008ರ ಜನವರಿಯಲ್ಲಿ ಮುಂಬೈ ಶೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 21,000 ಮುಟ್ಟಿತ್ತು. ಆಗ ನಮ್ಮ ಶಾಖೆಗೆ ಮ್ಯೂಚುವಲ್ ಫಂಡ್ ಫಾರ್ಮ್ ಕೇಳಿಕೊಂಡು ಎಷ್ಟು ಜನ ಬರುತ್ತಿದ್ದರು ಅಂದರೆ, ಚಲನ್ ತುಂಬುವ ಮೇಜಿನ ಮೇಲೇ ಒಂದು ಕಟ್ಟು ಇಟ್ಟಿದ್ದೆವು. ಅದೇ ವರ್ಷ ಅಕ್ಟೋಬರಿನಲ್ಲಿ ಸೂಚ್ಯಂಕ 8,000ಕ್ಕಿಂತ ಕೆಳಗೆ ಇಳಿಯಿತು. ಅದೇ ಜನ ಬಂದರು, ನಿಲ್ಲಿಸುವ ಫಾರ್ಮ್ ಕೇಳಿಕೊಂಡು. ಹೈಸ್ಕೂಲು ಮೇಷ್ಟ್ರೊಬ್ಬರು ಮಾತ್ರ ಬರಲಿಲ್ಲ. ತಿಂಗಳಿಗೆ ಎರಡು ಸಾವಿರದ ಎಸ್‌ಐಪಿ, ಅಂದರೆ ಫಂಡಿಗೆ ತಿಂಗಳು ತಿಂಗಳು ಕಟ್ಟುವ ಕಂತು, ಅವರದ್ದು. ವರ್ಷಗಳ ಮೇಲೆ ಸಿಕ್ಕಾಗ ಕೇಳಿದೆ, "ಅಷ್ಟು ಧೈರ್ಯ ಹೇಗೆ ಬಂತು ಮೇಷ್ಟ್ರೇ?" "ಧೈರ್ಯ ಎಲ್ಲಿಯದು? ನಿಲ್ಲಿಸೋಕೆ ಶಾಖೆಗೆ ಬರಬೇಕಿತ್ತು. ಸೋಮಾರಿತನ" ಅಂದರು. ಮಗಳ ಇಂಜಿನಿಯರಿಂಗ್ ಫೀಸು ಆ ಸೋಮಾರಿತನದಿಂದಲೇ ಆಯಿತು.

ಒಬ್ಬರು ಬೆಳೆಗಾರರು ಕುಳಿತಲ್ಲಿಂದಲೇ ಹೇಳಿದರು: "ಒಂದು ವರ್ಷ ಕೊಳೆ ರೋಗ ಬಂತು ಅಂತ ಯಾರೂ ತೋಟ ಕಡಿಯೂದಿಲ್ಲ ಬಿಡಿ."

ಸರಿ. ಆದರೆ ನಿಮಗೆ ತೋಟ ಕಣ್ಣಿಗೆ ಕಾಣುತ್ತೆ. ಮರ ಹಸಿರಾಗಿದೆ, ಮುಂದಿನ ವರ್ಷ ಫಸಲು ಬರುತ್ತೆ ಅಂತ ಗೊತ್ತಾಗುತ್ತೆ. ಫಂಡಿನಲ್ಲಿ ಕಾಣೋದು ಮೊಬೈಲಿನ ಕೆಂಪು ಅಂಕಿ ಮಾತ್ರ. ಅದಕ್ಕೇ ಜನ ಓಡುತ್ತಾರೆ, ಅವರನ್ನು ಹಂಗಿಸಬೇಡಿ. 2020ರ ಮಾರ್ಚ್ 23ರಂದು ಒಂದೇ ದಿನ ಸೆನ್ಸೆಕ್ಸ್ ನೂರಕ್ಕೆ ಹದಿಮೂರು ಬಿತ್ತು. ಆ ದಿನ ನನ್ನ ಹೊಟ್ಟೆಯಲ್ಲೂ ತಣ್ಣಗಾಯಿತು. ಆ ವರ್ಷ ನವೆಂಬರಿಗೆ ಸೂಚ್ಯಂಕ ಹಳೆಯ ಎತ್ತರ ದಾಟಿತ್ತು. ಆದರೆ 2008ರಲ್ಲಿ ಬಿದ್ದದ್ದು ಮೇಲೆದ್ದು ಗಟ್ಟಿಯಾಗಿ ನಿಲ್ಲೋಕೆ ಐದಾರು ವರ್ಷ ಹಿಡಿಯಿತು. ಎರಡೂ ನಿಜ. ಹಾಗಾಗಿ ಏಳೆಂಟು ವರ್ಷ ಮುಟ್ಟಬೇಕಾಗಿಲ್ಲದ ದುಡ್ಡು ಮಾತ್ರ ಅಲ್ಲಿ ಹೋಗಲಿ. ಮುಂದಿನ ಮೇ ತಿಂಗಳ ಮದುವೆ ದುಡ್ಡು ಅಲ್ಲಿ ಬೇಡ.

ಯಾವ ಫಂಡು ಅಂತ ಕೇಳುತ್ತೀರಿ. ಇಂಡೆಕ್ಸ್ ಫಂಡ್ ಸಾಕು. ದೊಡ್ಡ ಐವತ್ತು ಕಂಪನಿಗಳಲ್ಲಿ ಒಂದೊಂದು ಚೂರು ಸಿಗುತ್ತೆ, ಖರ್ಚೂ ಕಡಿಮೆ. ಅದರಲ್ಲೂ ಡೈರೆಕ್ಟ್ ಪ್ಲಾನ್ ಅಂತ 2013ರಿಂದ ಇದೆ. ಏಜೆಂಟಿನ ಕಮಿಷನ್ ಅದರಲ್ಲಿ ಇಲ್ಲ. ಅಡಿಕೆಯವರಿಗೆ ಇನ್ನೊಂದು ಮಾತು. ನಿಮಗೆ ಮಂಡಿ ದುಡ್ಡು ವರ್ಷಕ್ಕೆ ಒಂದೆರಡು ಸಲ ಒಟ್ಟಿಗೆ ಬರುತ್ತೆ. ಸಂಬಳದವರಿಗೆ ಹೇಳುವ, ಆರು ತಿಂಗಳ ಖರ್ಚು ಪಕ್ಕಕ್ಕಿಡಿ ಅನ್ನೋ ಸಲಹೆ ನಿಮಗೆ ಸಾಲದು. ಪೂರ್ತಿ ಒಂದು ವರ್ಷದ ಮನೆ ಖರ್ಚು, ಅಡಿಕೆ ಕೊಯ್ಲಿನ ಕೂಲಿ, ಔಷಧಿ ಹೊಡೆಸುವ ಖರ್ಚು ಎಫ್‌ಡಿಯಲ್ಲಿ ಇರಲಿ. ಉಳಿದದ್ದರಿಂದ ತಿಂಗಳು ತಿಂಗಳು ಎಸ್‌ಐಪಿ ಹೋಗಲಿ.

ಹಿಂದಿನ ಸಾಲಿನಲ್ಲಿ ಕಾಲೇಜು ಹುಡುಗರು ಇದ್ದಾರೆ. ಎಫ್ ಅಂಡ್ ಓ, ಅಂದರೆ ಶೇರಿನ ಬೆಲೆ ಏರುತ್ತೋ ಇಳಿಯುತ್ತೋ ಅಂತ ಕಟ್ಟುವ ಬಾಜಿ, ಅದರ ಬಗ್ಗೆ ಶೇರುಪೇಟೆಯ ನಿಯಂತ್ರಕ ಸೆಬಿಯೇ ಲೆಕ್ಕ ಹಾಕಿದೆ: 2021-22ರಿಂದ ಮೂರು ವರ್ಷದಲ್ಲಿ ಅದರಲ್ಲಿ ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು, ಒಟ್ಟು 1.8 ಲಕ್ಷ ಕೋಟಿ. ಅಂದರ್ ಬಾಹರ್‌ನಲ್ಲೂ ಇಷ್ಟು ಜನ ಸೋಲೋದಿಲ್ಲ.

ಮಾತು ಮುಗಿಸಿ ಕಾಫಿ ಕುಡಿಯುತ್ತಾ ನಿಂತಿದ್ದೆ. ಎಪ್ಪತ್ತರ ಆಸುಪಾಸಿನ ಒಬ್ಬರು ಹತ್ತಿರ ಬಂದರು. ಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಎಫ್‌ಡಿ ರಸೀದಿ ತೆಗೆದರು. ಯಜಮಾನರ ಹೆಸರಿನದ್ದು, ವರ್ಷ ವರ್ಷ ಹಾಗೇ ರಿನ್ಯೂ ಆಗಿ ಬಂದದ್ದು. "ಇದು ಸರಿ ಇದ್ಯಾ ನೋಡಿ" ಅಂದರು. ಬಡ್ಡಿ ಸರಿ ಇತ್ತು, ತಾರೀಕು ಸರಿ ಇತ್ತು. ನಾಮಿನಿ ಜಾಗದಲ್ಲಿ ಒಂದು ಹೆಸರು ಇತ್ತು.

"ಇದು ನೀವೇನಾ ಅಮ್ಮ?"

ಕನ್ನಡಕ ಏರಿಸಿ ನೋಡಿದರು. "ಅಲ್ಲ, ಅದು ನಮ್ಮತ್ತೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಹೋಗಿ ಇಪ್ಪತ್ತೆರಡು ವರ್ಷ ಆಯ್ತಲ್ಲ" ಅಂದರು.

ಯಜಮಾನರು ಇನ್ನೂ ಗಟ್ಟಿಯಾಗಿದ್ದಾರಂತೆ. ಹಾಗಾಗಿ ಕಷ್ಟ ಇಲ್ಲ, ಅವರು ಒಂದು ಫಾರ್ಮಿಗೆ ಸಹಿ ಹಾಕಿದರೆ ಮುಗಿಯಿತು. 2025ರ ನವೆಂಬರಿನಿಂದ ನಾಲ್ಕು ಜನರ ಹೆಸರನ್ನೂ ಬರೆಸಬಹುದು. ಸೋಮವಾರವೇ ಇಬ್ಬರೂ ಬ್ಯಾಂಕಿಗೆ ಹೋಗಿ ಅಂದೆ.

"ನನ್ನ ಹೆಸರು ಹಾಕಿ ಅಂತ ಅವರ ಹತ್ರ ನಾನು ಹೇಗೆ ಕೇಳೋದು? ಏನಂದ್ಕೋತಾರೋ" ಅಂದರು. ಫೋನ್ ನಂಬರ್ ತಗೊಂಡು, ಸಂಜೆ ನಾನೇ ಯಜಮಾನರ ಹತ್ತಿರ ಮಾತಾಡಿದೆ.